ಎಡ್ ಸಲ್ಲಿವನ್ ಕಾರ್ಯಕ್ರಮದ ವಾದ್ಯವೃಂದ ಮತ್ತು ನಮ್ಮ ರಸಮಂಜರಿ: ತಿಳಿದವರು ದಯವಿಟ್ಟು ಉತ್ತರಿಸಿ

ಪ್ರಶ್ನೆ: ಕ್ಯಾಸಿಯೋ ವಾದಕ, ಬಳ್ಳಾರಿ

ಎಲ್ಲ ಹಿರಿಯರಿಗೂ ನಮಸ್ಕಾರ. ನಾನು 22 ವರ್ಷಗಳಿಂದ ಬಳ್ಳಾರಿಯ ರಸಮಂಜರಿ ತಂಡವೊಂದರಲ್ಲಿ ಕ್ಯಾಸಿಯೋ ಕೀಬೋರ್ಡ್ ನುಡಿಸುತ್ತ ಬಂದಿದ್ದೇನೆ. ನಾನು ಸೇರಿದಾಗ ತಂಡದಲ್ಲಿ 11 ಜನರಿದ್ದೆವು: ಎರಡು ಕ್ಯಾಸಿಯೋ, ಲೀಡ್ ಗಿಟಾರ್, ಬೇಸ್ ಗಿಟಾರ್, ತಬಲಾ, ಢೋಲಕ್, ಡ್ರಮ್ಸ್, ಕೊಳಲು, ಇಬ್ಬರು ಗಾಯಕರು ಮತ್ತು ಒಬ್ಬ ಗಾಯಕಿ. ಈಗ ಐವರು ಉಳಿದಿದ್ದೇವೆ. ಕಳೆದ ವರ್ಷ ಗಣೇಶನ ಹಬ್ಬಕ್ಕೆ ನಮ್ಮನ್ನು ಮಾತಾಡಿಸಲು ಬಂದ ಮಂಡಳಿಯೊಂದರವರು, ವಾದಕರು ಬೇಡ, ಮುಂಚೆ ಮುದ್ರಿಸಿಟ್ಟ ಸಂಗೀತದ ಟ್ರ್ಯಾಕ್ ಹಾಕಿಕೊಂಡು ಹಾಡುವ ಇಬ್ಬರನ್ನು ಕಳಿಸಿದರೆ ಸಾಕು, ದುಡ್ಡೂ ಉಳಿಯುತ್ತದೆ ಎಂದರು. ಅವರ ಲೆಕ್ಕ ತಪ್ಪೆಂದು ನಾನು ಹೇಳಲಾರೆ, ಆದರೆ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಇತ್ತೀಚೆಗೆ ನನ್ನ ಮಗಳು ಯೂಟ್ಯೂಬಿನಲ್ಲಿ ಅಮೆರಿಕದ ಹಳೆಯ ದೂರದರ್ಶನ ಕಾರ್ಯಕ್ರಮವೊಂದನ್ನು ತೋರಿಸಿದಳು. ಎಡ್ ಸಲ್ಲಿವನ್ ಎಂಬ ನಿರೂಪಕರ ಕಾರ್ಯಕ್ರಮ ಅದು. ಮೊದಲು ಬೀಟಲ್ಸ್ ತಂಡದ ಹಾಡುಗಳನ್ನು ನೋಡಿದೆ, ಆಮೇಲೆ ಕೋಲುಗಳ ಮೇಲೆ ತಟ್ಟೆ ತಿರುಗಿಸುವವರೊಬ್ಬರನ್ನು ನೋಡಿದೆ, ಮತ್ತೊಂದು ದಿನ ಊರುಗೋಲು ಹಿಡಿದು ಬಂದ ಹುಡುಗನೊಬ್ಬ ಕುಳಿತು ಪಿಟೀಲು ನುಡಿಸುವುದನ್ನು ನೋಡಿದೆ. ಇಷ್ಟೊಂದು ಬೇರೆ ಬೇರೆ ವಿದ್ಯೆಗಳು ಒಂದೇ ರಂಗದ ಮೇಲೆ, ಒಂದೇ ಗಂಟೆಯೊಳಗೆ ಬಂದು ಹೋಗುವುದು ನನ್ನ ಕಣ್ಣಿಗೆ ನಮ್ಮ ರಸಮಂಜರಿಯಂತೆಯೇ ಕಂಡಿತು.

ನನಗೆ ತಿಳಿಯಬೇಕಾದದ್ದು ಇಷ್ಟು. ಆ ಸಂಗೀತ ನಿಜವಾಗಿಯೂ ಅಲ್ಲಿಯೇ, ಆಗಲೇ ನುಡಿಸಿದ್ದೇ? ಪ್ರತಿ ವಾರ ಬೇರೆ ಬೇರೆ ಅತಿಥಿಗಳು ಬರುತ್ತಿದ್ದಾಗ ಒಂದೇ ವಾದ್ಯವೃಂದ ಅಷ್ಟೆಲ್ಲ ಹಾಡುಗಳನ್ನು ಹೇಗೆ ಸಿದ್ಧಮಾಡಿಕೊಳ್ಳುತ್ತಿತ್ತು? ಹಾಡಲೂ ಬಾರದ, ನಗಿಸಲೂ ಬಾರದ ಆ ನಿರೂಪಕರು ಜನರನ್ನು ಹೇಗೆ ಹಿಡಿದಿಟ್ಟರು? ಈ ವರ್ಷದ ಹಬ್ಬಕ್ಕೆ ಒಂದು ಹಳೆಯ ಮಂಡಳಿ ನಮಗೆ ವಾದ್ಯಗಳ ಸಮೇತ ಬರಲು ಹೇಳಿದೆ. ಅದನ್ನು ಚೆನ್ನಾಗಿ ಮಾಡಬೇಕೆಂಬ ಆಸೆಯಿಂದ ಕೇಳುತ್ತಿದ್ದೇನೆ.

ಉತ್ತರ: ನಿವೃತ್ತ ಧ್ವನಿ ತಂತ್ರಜ್ಞ, ರಾಯಚೂರು

ತಮ್ಮಾ, ನಿಮ್ಮ ಪ್ರಶ್ನೆ ಓದಿ ಬಹಳ ಸಂತೋಷವಾಯಿತು. ನಾನು 30 ವರ್ಷ ಮೈಕು, ಮಿಕ್ಸರುಗಳ ನಡುವೆ ಕಳೆದವನು, ಈ ಕಾರ್ಯಕ್ರಮದ ಹಳೆಯ ತುಣುಕುಗಳನ್ನು ಚಿತ್ರಕ್ಕಿಂತ ಹೆಚ್ಚಾಗಿ ಧ್ವನಿಗಾಗಿ ಮತ್ತೆ ಮತ್ತೆ ಕೇಳಿದವನು.

ಈ ಕಾರ್ಯಕ್ರಮ 1948ರ ಜೂನ್ 20ರಂದು ಸಿಬಿಎಸ್ ವಾಹಿನಿಯಲ್ಲಿ ‘ಟೋಸ್ಟ್ ಆಫ್ ದಿ ಟೌನ್’ ಎಂಬ ಹೆಸರಿನಲ್ಲಿ ಆರಂಭವಾಯಿತು. 1955ರಲ್ಲಿ ಅದಕ್ಕೆ ನಿರೂಪಕರ ಹೆಸರನ್ನೇ ಇಟ್ಟರು. ಭಾನುವಾರ ರಾತ್ರಿ 8 ಗಂಟೆಗೆ ಬರುತ್ತಿದ್ದ ಇದು 1971ರವರೆಗೆ, ಅಂದರೆ ಸುಮಾರು 23 ವರ್ಷ ನಡೆಯಿತು, ಕಂತುಗಳ ಸಂಖ್ಯೆ ಸಾವಿರವನ್ನು ದಾಟಿತು. ಸಲ್ಲಿವನ್ ಮೂಲತಃ ಪತ್ರಿಕೆಯ ಅಂಕಣಕಾರರು. 1953ರಿಂದ ಕಾರ್ಯಕ್ರಮ ನಡೆದ ಜಾಗ ನ್ಯೂಯಾರ್ಕಿನ ಬ್ರಾಡ್‌ವೇ ಬೀದಿಯ ಹಳೆಯ ನಾಟಕಶಾಲೆ. ಅದನ್ನು ಸಿಬಿಎಸ್‌ನವರು ಸ್ಟುಡಿಯೋ 50 ಎಂದು ಕರೆಯುತ್ತಿದ್ದರು, 1967ರಲ್ಲಿ ಅದಕ್ಕೂ ಸಲ್ಲಿವನ್ ಅವರ ಹೆಸರನ್ನಿಟ್ಟರು. ನಾಟಕಶಾಲೆ ಎಂಬುದನ್ನು ನೀವು ಗಮನಿಸಬೇಕು. ಎದುರಿಗೆ ಜನ ಕುಳಿತಿರುತ್ತಿದ್ದರು, ಅವರ ಉಸಿರಿನ ಮೇಲೆ ಕಲಾವಿದರ ಆಟ ನಡೆಯುತ್ತಿತ್ತು, ಕ್ಯಾಮೆರಾ ಅದನ್ನು ಮನೆಗಳಿಗೆ ಮುಟ್ಟಿಸುತ್ತಿತ್ತು.

ನಿಮ್ಮ ಮೊದಲ ಪ್ರಶ್ನೆಗೆ ಪ್ರಾಮಾಣಿಕ ಉತ್ತರವೆಂದರೆ, ಬಹುಪಾಲು ಸಂಗೀತ ಅಲ್ಲಿಯೇ ನುಡಿಸಿದ್ದು, ಎಲ್ಲವೂ ಅಲ್ಲ. ರೇ ಬ್ಲಾಕ್ ಎಂಬವರು ಆರಂಭದಿಂದ ಕೊನೆಯವರೆಗೂ ವಾದ್ಯವೃಂದದ ನಿರ್ದೇಶಕರಾಗಿದ್ದರು. ಗಾಯಕರಿಗೆ ಸಾಥ್ ಕೊಡುವುದು, ತಟ್ಟೆ ತಿರುಗಿಸುವವರ ಹಿಂದೆ ಓಟದ ಲಯ ನುಡಿಸುವುದು, ದೊಂಬರಾಟದವರು ಒಬ್ಬರ ಹೆಗಲ ಮೇಲೊಬ್ಬರು ಏರಿದಾಗ ಡ್ರಮ್ ಉರುಳಿಸುವುದು, ಇವೆಲ್ಲ ಅವರ ವೃಂದದ ಕೆಲಸ. ಬೀಟಲ್ಸ್‌ನಂಥ ತಂಡಗಳು ತಮ್ಮ ವಾದ್ಯಗಳನ್ನು ತಾವೇ ನುಡಿಸಿದವು. 1964ರ ಫೆಬ್ರವರಿ 9ರ ಕಂತನ್ನು ಸುಮಾರು 7 ಕೋಟಿ 30 ಲಕ್ಷ ಜನ ನೋಡಿದರೆಂಬುದು ಪ್ರಸಿದ್ಧ. ಅಂದು ಸಭಾಂಗಣದಲ್ಲಿದ್ದ 728 ಆಸನಗಳಿಗೆ 50,000 ಅರ್ಜಿಗಳು ಬಂದಿದ್ದವು. ಆ ತುಣುಕನ್ನು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೇಳಿ: ಜಾನ್ ಲೆನನ್ ಅವರ ಧ್ವನಿ ಉಳಿದವರ ಧ್ವನಿಗಿಂತ ಕೆಳಗಿದೆ. ಜಗತ್ತು ಇಷ್ಟು ಕೊಂಡಾಡುವ ಪ್ರಸಾರದಲ್ಲೂ ಒಂದು ಮೈಕಿನ ಮಟ್ಟ ಸರಿಯಾಗಿ ಕೂಡಿರಲಿಲ್ಲ. ಪೆಂಡಾಲಿನಲ್ಲಿ ಮೈಕು ಕೈಕೊಟ್ಟಾಗ ತಲೆತಗ್ಗಿಸಿ ನಿಂತ ನಮ್ಮಂಥವರಿಗೆ ಇದನ್ನು ಕೇಳಿದಾಗ ಒಂದು ಬಗೆಯ ಧೈರ್ಯ ಬರುತ್ತದೆ.

ಆದರೆ ಇನ್ನೊಂದು ಮಗ್ಗುಲನ್ನು ಮುಚ್ಚಿಡಬಾರದು. 60ರ ದಶಕದ ಕೊನೆಯ ವೇಳೆಗೆ ಕೆಲವು ತಂಡಗಳು ಮುಂಚೆ ಮುದ್ರಿಸಿಟ್ಟ ವಾದ್ಯದ ಮೇಲೆ ಹಾಡಿದ್ದುಂಟು. ಸ್ಟುಡಿಯೋದಲ್ಲಿ ಹತ್ತಾರು ಪದರಗಳಾಗಿ ಕಟ್ಟಿದ ಹಾಡನ್ನು ರಂಗದ ಮೇಲೆ ನಾಲ್ವರು ನುಡಿಸಿದಾಗ ಅದು ಬಡವಾಗಿ ಕೇಳುತ್ತಿತ್ತು. ಹಾಗೆಯೇ ಎಲ್ಲ ಕಂತುಗಳೂ ನೇರ ಪ್ರಸಾರವಲ್ಲ. ಬೀಟಲ್ಸ್ ತಂಡದ ಫೆಬ್ರವರಿ 23ರ ಕಂತಿನ ಹಾಡುಗಳನ್ನು 9ರ ಮಧ್ಯಾಹ್ನವೇ ಟೇಪಿನಲ್ಲಿ ಹಿಡಿದಿಟ್ಟಿದ್ದರು. ಟ್ರ್ಯಾಕ್ ಎಂಬುದು ಇಂದಿನ ಪಾಪವೇನಲ್ಲ. ವಾದಕರ ನಡುವೆ ಒಂದೆರಡು ಹಾಡಿಗೆ ಅದು ಬಂದರೆ ನನ್ನ ತಕರಾರಿಲ್ಲ, ವಾದಕರ ಜಾಗವನ್ನೇ ಅದು ತೆಗೆದುಕೊಂಡಾಗ ನನಗೆ ನೋವಾಗುತ್ತದೆ.

ಒಂದೇ ವೃಂದ ಎಲ್ಲರಿಗೂ ಹೇಗೆ ನುಡಿಸುತ್ತಿತ್ತೆಂದು ಕೇಳಿದಿರಿ. ಅವರೆಲ್ಲ ಬರೆದ ಸ್ವರಲಿಪಿಯನ್ನು ನೋಡಿದ ಕೂಡಲೇ ನುಡಿಸಬಲ್ಲವರು. ನಮ್ಮಲ್ಲಿ ಕಿವಿಯಿಂದ ಕಲಿಯುವ ಪದ್ಧತಿ, ಅದು ಕಡಿಮೆಯೆಂದು ನಾನು ಹೇಳುವುದಿಲ್ಲ. ಆದರೆ ಅತಿಥಿ ಗಾಯಕರು ಬಂದು, ನಮಗೆ ಕರಿ ಒಂದು ಬೇಡ ಬಿಳಿ ಎರಡರಲ್ಲಿ ಹಾಡುತ್ತೇವೆ ಎಂದು ಪೇಟಿಯ ಕರಿ ಬಿಳಿ ಮನೆಗಳ ಲೆಕ್ಕದಲ್ಲಿ ಶ್ರುತಿ ಬದಲಿಸಿದಾಗ ತಂಡ ತಬ್ಬಿಬ್ಬಾಗುವುದನ್ನು ಎಷ್ಟೋ ರಾತ್ರಿ ನೋಡಿದ್ದೇನೆ. ಪ್ರತಿ ಹಾಡಿಗೂ ಒಂದು ಚೀಟಿ ಬರೆಯಿರಿ: ಪಟ್ಟಿ (ಶ್ರುತಿ) ಯಾವುದು, ಆರಂಭದ ಬಿಟ್ (ವಾದ್ಯದ ತುಣುಕು) ಎಷ್ಟು ಆವರ್ತನ, ಚರಣಗಳ ನಡುವೆ ಯಾರು ನುಡಿಸಬೇಕು, ಎಲ್ಲಿ ನಿಲ್ಲಬೇಕು. ಐದೂ ಜನರ ಮುಂದೆ ಅದೇ ಚೀಟಿ ಇರಲಿ.

ಇದೆಲ್ಲಕ್ಕಿಂತ ಹೆಚ್ಚಿನ ಗುಟ್ಟು ಭಾನುವಾರ ಮಧ್ಯಾಹ್ನದಲ್ಲಿತ್ತು. ರಾತ್ರಿಯ ಪ್ರಸಾರಕ್ಕೆ ಮುಂಚೆ, ಅದೇ ದಿನ ಮಧ್ಯಾಹ್ನ, ಪ್ರೇಕ್ಷಕರನ್ನು ಕೂರಿಸಿಕೊಂಡು ಪೂರ್ಣ ತಾಲೀಮು ನಡೆಯುತ್ತಿತ್ತು. ಸಲ್ಲಿವನ್ ಅದನ್ನು ನೋಡಿ, ಯಾವುದಕ್ಕೆ ಜನ ಒಲಿದರು, ಯಾವುದಕ್ಕೆ ಒಲಿಯಲಿಲ್ಲ ಎಂಬುದನ್ನು ಅಳೆದು, ಆಟಗಳ ಸರದಿಯನ್ನೇ ಬದಲಿಸುತ್ತಿದ್ದರು, ಕೆಲವನ್ನು ಮೊಟಕು ಮಾಡುತ್ತಿದ್ದರು, ಕೆಲವನ್ನು ಕೈಬಿಡುತ್ತಲೂ ಇದ್ದರು. ಹಾಡದೆ ನಗಿಸದೆ ಅವರು ಗೆದ್ದದ್ದು ಈ ಆಯ್ಕೆಯಿಂದ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಉತ್ತರ: ಪೇಟಿ ಮಾಸ್ತರ, ಕೊಪ್ಪಳ

ರಾಯಚೂರಿನ ಹಿರಿಯರು ಯಂತ್ರದ ಕಡೆಯಿಂದ ಹೇಳಿದ್ದನ್ನು ನಾನು ಪೇಟಿಯ ಕಡೆಯಿಂದ ಹೇಳುತ್ತೇನೆ. ನಾನು ಕಂಪನಿ ನಾಟಕಗಳಿಗೆ ಪೇಟಿ, ಅಂದರೆ ಕಾಲಿನಿಂದ ತಿದಿ ತುಳಿಯುವ ಲೆಗ್ ಹಾರ್ಮೋನಿಯಂ, ನುಡಿಸಿದವನು. ಬಳ್ಳಾರಿಯ ರಾಘವ ಕಲಾಮಂದಿರದಲ್ಲಿ ನುಡಿಸಿದ್ದೇನೆ, ಜಾತ್ರೆಗಳ ತಗಡಿನ ಥಿಯೇಟರುಗಳಲ್ಲಿ ಬೆಳಗಿನ ಜಾವದವರೆಗೂ ತಿದಿ ತುಳಿದಿದ್ದೇನೆ. ಮೊಮ್ಮಗನ ಫೋನಿನಲ್ಲಿ ಆ ಬೀಟಲ್ಸ್ ಕಂತನ್ನು ಮೊದಲಿನಿಂದ ಕೊನೆಯವರೆಗೆ ನೋಡಿದೆ. ಆ ಹಾಡುಗಳು ನನಗೆ ಅಷ್ಟು ಹಿಡಿಸಲಿಲ್ಲ, ಆದರೆ ಆಟದ ಸರದಿಯನ್ನು ಕಟ್ಟಿದವನು ನಾಟಕ ಬಲ್ಲವನೇ ಸರಿ ಎನಿಸಿತು.

ಅಂದು ಆ ಹುಡುಗರು ಆರಂಭದಲ್ಲೇ ಬಂದು ಮೂರು ಹಾಡು ಹಾಡುತ್ತಾರೆ, ಆಮೇಲೆ ಮರೆಯಾಗುತ್ತಾರೆ. ಅವರು ಮತ್ತೆ ಬಂದು ಇನ್ನೆರಡು ಹಾಡುವ ಹೊತ್ತಿಗೆ ನಡುವೆ ಫ್ರೆಡ್ ಕ್ಯಾಪ್ಸ್ ಎಂಬ ಜಾದೂಗಾರರ ಕೈಚಳಕ, ಬ್ರಾಡ್‌ವೇ ಸಂಗೀತ ನಾಟಕವೊಂದರ ಭಾಗ, ಅನುಕರಣೆ ಮಾಡುವ ನಟರೊಬ್ಬರು, ಟೆಸ್ಸಿ ಓಶೀ ಎಂಬ ಹಿರಿಯ ಗಾಯಕಿ, ಹಾಸ್ಯದ ಜೋಡಿ ಎಲ್ಲರೂ ಬಂದು ಹೋಗುತ್ತಾರೆ, ಕಸರತ್ತಿನವರು ಅವರ ಹಾಡಿನ ನಂತರ ಕೊನೆಗೆ ಬರುತ್ತಾರೆ. ಹುಡುಗರಿಗಾಗಿ ಕಾದು ಕುಳಿತ ಹದಿಹರೆಯದ ಮಕ್ಕಳು ಹಿರಿಯ ಗಾಯಕಿಯನ್ನೂ ಕೇಳಿದರು, ಹಿರಿಯ ಗಾಯಕಿಗಾಗಿ ಕುಳಿತ ತಾಯಂದಿರು ಹುಡುಗರನ್ನೂ ಕೇಳಿದರು. ನಮ್ಮ ಕಂಪನಿಯಲ್ಲಿಯೂ ಇದೇ ಹದ. ಕಣ್ಣೀರಿನ ದೃಶ್ಯ ಮುಗಿದು ಹಿಂದೆ ಸೀನು ಬದಲಾಗುವಾಗ ಮುಂದಿನ ಪರದೆಯ ಎದುರು ಹಾಸ್ಯದ ಜೋಡಿ ಬರುತ್ತದೆ, ನಾಯಕಿಯ ದೊಡ್ಡ ಹಾಡು ಕೊನೆಯ ಅಂಕಕ್ಕೆ ಕಾದಿರುತ್ತದೆ. ಕೊಪ್ಪಳದ ಗವಿಮಠದ ಜಾತ್ರೆಯ ವೇದಿಕೆಯಲ್ಲಿಯೂ ಜನಪದ, ಶಾಸ್ತ್ರೀಯ, ಹಾಸ್ಯ, ಪ್ರವಚನಗಳು ಒಂದೇ ರಾತ್ರಿ ಕೂಡುತ್ತವೆ, ಒಂದಕ್ಕೆಂದು ಬಂದವರು ಇನ್ನೊಂದನ್ನು ಕೇಳಿಕೊಂಡು ಹೋಗುತ್ತಾರೆ.

ಈಗ ನಿಮ್ಮ ಟ್ರ್ಯಾಕಿನ ವಿಷಯ. ದುಡ್ಡಿನ ವಾದಕ್ಕೆ ನನ್ನಲ್ಲಿ ಉತ್ತರವಿಲ್ಲ, ಆದರೆ ಎರಡು ಮಾತುಗಳನ್ನು ಮಂಡಳಿಯವರಿಗೆ ಧೈರ್ಯವಾಗಿ ಹೇಳಿ. ಮೊದಲನೆಯದು ನಡುವಿನ ಮೌನ. ಒಂದು ಹಾಡು ಮುಗಿದು ಇನ್ನೊಂದು ಟ್ರ್ಯಾಕನ್ನು ಹುಡುಕುವವರೆಗೆ ಪೆಂಡಾಲು ಸುಮ್ಮನಾಗುತ್ತದೆ, ಜನ ಎದ್ದು ಚಹಾಕ್ಕೆ ಹೋಗುತ್ತಾರೆ, ಹೋದವರಲ್ಲಿ ಅರ್ಧ ಜನ ಮರಳುವುದಿಲ್ಲ. ಪೇಟಿ ಎಂದೂ ಸುಮ್ಮನಾಗಬಾರದೆಂದು ನನ್ನ ಗುರುಗಳು ಕಲಿಸಿದ್ದರು. ಪಾತ್ರಧಾರಿ ಮಾತು ಮರೆತು ನಿಂತರೂ, ಪರದೆಯ ಹಗ್ಗ ಸಿಕ್ಕಿಕೊಂಡರೂ, ಪೇಟಿ ಮತ್ತು ತಬಲಾ ಒಂದು ಗತ್ತನ್ನು ಹಿಡಿದು ಸಭೆಯನ್ನು ಕಾಯಬೇಕು. ರೇ ಬ್ಲಾಕ್ ಅವರ ವೃಂದವೂ ಪ್ರತಿ ಆಟದ ಬರುವಿಕೆಗೂ ಹೋಗುವಿಕೆಗೂ ನುಡಿಸುವುದನ್ನು ನೀವು ನೋಡಬಹುದು, ಅವರ ಮೆರವಣಿಗೆ ನಿಲ್ಲುವುದೇ ಇಲ್ಲ.

ಎರಡನೆಯದು ಒನ್ಸ್ ಮೋರ್. ರಂಗಗೀತೆಗೆ ಜನ ಒನ್ಸ್ ಮೋರ್ ಕೂಗಿದಾಗ ನಾವು ಮೊದಲಿನಿಂದ ಹಾಡುವುದಿಲ್ಲ. ಯಾವ ಸಾಲಿಗೆ ಚಪ್ಪಾಳೆ ಬಿದ್ದಿತೋ ಆ ಸಾಲಿಗೆ ನಟಿ ಮರಳುತ್ತಾಳೆ, ಪೇಟಿಯವನು ಅವಳ ಕಣ್ಣನ್ನು ನೋಡಿ ಅಲ್ಲಿಗೇ ಬಂದು ಸೇರುತ್ತಾನೆ, ತಬಲಾದವನು ಒಂದು ತುಕಡಿ ಹೆಚ್ಚು ನುಡಿಸಿ ಸಮಕ್ಕೆ, ಅಂದರೆ ತಾಳದ ಮೊದಲ ಪೆಟ್ಟಿಗೆ, ತರುತ್ತಾನೆ. ಸಭೆ ತಾನು ಕೇಳಿದ್ದನ್ನು ಪಡೆದೆನೆಂದು ಹಿಗ್ಗುತ್ತದೆ. ಮುದ್ರಿಸಿಟ್ಟ ಸಂಗೀತಕ್ಕೆ ಎದುರಿಗಿರುವ ಸಭೆ ಕಾಣುವುದಿಲ್ಲ.

ಮರುಪ್ರಶ್ನೆ: ಕ್ಯಾಸಿಯೋ ವಾದಕ, ಬಳ್ಳಾರಿ

ಮಾಸ್ತರರೇ, ಒನ್ಸ್ ಮೋರ್ ಬಗ್ಗೆ ನೀವು ಬರೆದದ್ದನ್ನು ನಮ್ಮ ಢೋಲಕ್ ವಾದಕರಿಗೆ ಓದಿ ಹೇಳಿದೆ, ಅವರು ಇನ್ನೊಮ್ಮೆ ಓದಿಸಿದರು. ನನಗೊಂದು ಅಳುಕಿದೆ. ಅಮೆರಿಕದ ಆ ದಿನಗಳಲ್ಲಿ ಮನೆಗೆ ಒಂದೇ ಪೆಟ್ಟಿಗೆ, ಮನೆಮಂದಿಯೆಲ್ಲ ಅದರ ಮುಂದೆ. ಈಗ ಪ್ರತಿಯೊಬ್ಬರ ಕೈಯಲ್ಲೂ ಫೋನಿದೆ. ಎಲ್ಲ ವಯಸ್ಸಿನವರೂ ಒಟ್ಟಿಗೆ ಕುಳಿತು ತಮ್ಮದಲ್ಲದ ರುಚಿಯನ್ನು ಸಹಿಸಿಕೊಳ್ಳುವ ಕಾಲ ಹೋಯಿತೇನೋ ಎಂದು ನಮ್ಮ ಗಾಯಕಿ ಕೇಳುತ್ತಾರೆ.

ಉತ್ತರ: ನಿವೃತ್ತ ಶಿಕ್ಷಕಿ, ರಾಯಚೂರು ಜಿಲ್ಲೆ

ನಿಮ್ಮ ಗಾಯಕಿಯವರ ಪ್ರಶ್ನೆಗೆ ನನ್ನ ಬಾಲ್ಯದಿಂದ ಉತ್ತರ ಕೊಡುತ್ತೇನೆ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ನಮ್ಮ ದೇಶದಲ್ಲಿ ಉಪಗ್ರಹದ ಮೂಲಕ ಹಳ್ಳಿಗಳಿಗೆ ದೂರದರ್ಶನ ತಲುಪಿಸುವ ‘ಸೈಟ್’ ಎಂಬ ಪ್ರಯೋಗ ನಡೆಯಿತು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳನ್ನು ಅದಕ್ಕೆ ಆರಿಸಿದ್ದರು, ಕರ್ನಾಟಕದಲ್ಲಿ ರಾಯಚೂರು, ಗುಲ್ಬರ್ಗಾ, ಬಿಜಾಪುರ ಜಿಲ್ಲೆಗಳಿಗೆ ಆ ಭಾಗ್ಯ ಬಂದಿತು. ಕೊಪ್ಪಳವೂ ಆಗ ರಾಯಚೂರು ಜಿಲ್ಲೆಯಲ್ಲೇ ಇತ್ತು. ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರ ಆರಂಭವಾದದ್ದು 1981ರಲ್ಲಿ. ಅಂದರೆ ರಾಜಧಾನಿಯ ಮಕ್ಕಳಿಗಿಂತ ಮುಂಚೆ ನಮ್ಮ ಹಳ್ಳಿಯ ಮಕ್ಕಳು ಟಿವಿ ನೋಡಿದೆವು. ಈ ಮಾತನ್ನು ನಾನು ಇಂದಿಗೂ ಹೆಮ್ಮೆಯಿಂದ ಹೇಳುತ್ತೇನೆ.

ನಮ್ಮ ಶಾಲೆಯಲ್ಲಿ ಹತ್ತು ಅಡಿ ಅಗಲದ ತಂತಿಜಾಲರಿಯ ಕೊಡೆಯನ್ನು ಆಕಾಶಕ್ಕೆ ಮುಖಮಾಡಿ ನಿಲ್ಲಿಸಿದ್ದರು. ಅಮೆರಿಕದವರ ಎಟಿಎಸ್-6 ಉಪಗ್ರಹದಿಂದ ಚಿತ್ರ ನೇರವಾಗಿ ಅದಕ್ಕೆ ಇಳಿಯುತ್ತಿತ್ತು. ಬೆಳಿಗ್ಗೆ ಒಂದೂವರೆ ಗಂಟೆ ಮಕ್ಕಳಿಗೆ ಪಾಠ, ಸಂಜೆ ಎರಡೂವರೆ ಗಂಟೆ ದೊಡ್ಡವರಿಗೆ. ಕನ್ನಡ ಮತ್ತು ತೆಲುಗು ಕಾರ್ಯಕ್ರಮಗಳನ್ನು ಹೈದರಾಬಾದಿನ ಕೇಂದ್ರದಲ್ಲಿ ತಯಾರಿಸುತ್ತಿದ್ದರು. ಬೇಸಾಯ, ಆರೋಗ್ಯ, ಕುಟುಂಬ ಯೋಜನೆಯ ಮಾತುಗಳ ನಡುವೆ ಹಾಡು, ಕುಣಿತ, ನಾಟಕ ಬರುತ್ತಿದ್ದವು. ಅಂಗಳದಲ್ಲಿ ನೂರಕ್ಕೂ ಹೆಚ್ಚು ಜನ ಕೂರುತ್ತಿದ್ದೆವು: ಮುಂದೆ ಮಕ್ಕಳು, ಒಂದು ಮಗ್ಗುಲಿಗೆ ಹೆಂಗಸರು, ಹಿಂದೆ ಹೊಲದಿಂದ ನೇರವಾಗಿ ಬಂದ ಗಂಡಸರು. ನನ್ನ ಅಜ್ಜಿ ಗೊಬ್ಬರದ ಮಾತು ಬಂದಾಗ ತೂಕಡಿಸುತ್ತಿದ್ದರು, ಹಾಡು ಬಂದ ಕೂಡಲೇ ನೆಟ್ಟಗೆ ಕೂರುತ್ತಿದ್ದರು. ನಮ್ಮ ಅಪ್ಪನದು ಅದಕ್ಕೆ ಉಲ್ಟಾ. ಆದರೂ ಯಾರೂ ಎದ್ದು ಹೋಗುತ್ತಿರಲಿಲ್ಲ, ಏಕೆಂದರೆ ಪಕ್ಕದಲ್ಲಿ ಕುಳಿತವರ ಸಂತೋಷವೂ ನೋಡುವಂಥದ್ದಾಗಿತ್ತು.

ಒಂದು ವರ್ಷ ಮುಗಿದ ಮೇಲೆ ಉಪಗ್ರಹವನ್ನು ಅಮೆರಿಕದವರು ಹಿಂದಕ್ಕೆ ಕರೆಸಿಕೊಂಡರು, ನಮ್ಮ ಪೆಟ್ಟಿಗೆ ಮೌನವಾಯಿತು. ಆದರೂ ಎಷ್ಟೋ ದಿನ ಸಂಜೆ ನಾವು ಮಕ್ಕಳು ಅಲ್ಲಿಗೆ ಹೋಗಿ ಕೂರುತ್ತಿದ್ದೆವು. ಆದ್ದರಿಂದ ಹೇಳುತ್ತೇನೆ: ಫೋನು ಕಸಿದುಕೊಂಡದ್ದು ಮನೆಯೊಳಗಿನ ಕೂಟವನ್ನು. ಗಣೇಶನ ಪೆಂಡಾಲನ್ನು ಅದು ಇನ್ನೂ ಕಸಿದುಕೊಂಡಿಲ್ಲ. ಅಲ್ಲಿಗೆ ಅಜ್ಜಿಯೂ ಮೊಮ್ಮಗಳೂ ಇಂದಿಗೂ ಜೊತೆಯಾಗಿಯೇ ಬರುತ್ತಾರೆ. ಸಲ್ಲಿವನ್ ಅವರ ಕಾರ್ಯಕ್ರಮದಲ್ಲಿ ಮಕ್ಕಳಿಗಾಗಿ ಟೋಪೋ ಜೀಜಿಯೋ ಎಂಬ ಪುಟ್ಟ ಇಲಿಯ ಗೊಂಬೆ ಬರುತ್ತಿತ್ತು, ನಿರೂಪಕರು ಅದರೊಡನೆ ಮಗುವಿನಂತೆ ಮಾತನಾಡುತ್ತಿದ್ದರು. ನಿಮ್ಮ ಸರದಿಯಲ್ಲಿಯೂ ಚಿಕ್ಕ ಮಕ್ಕಳಿಗಾಗಿ ಏನಾದರೊಂದು ಇರಲಿ, ಅದು ಒಂಬತ್ತು ಗಂಟೆಯೊಳಗೆ ಬರಲಿ.

ಉತ್ತರ: ಕಾಲೇಜು ಉಪನ್ಯಾಸಕ, ಸಿರುಗುಪ್ಪ

ಎಲ್ಲರ ಮಾತನ್ನೂ ಒಪ್ಪುತ್ತಲೇ ಒಂದು ಎಚ್ಚರಿಕೆಯನ್ನು ಸೇರಿಸಬಯಸುತ್ತೇನೆ. ಎಲ್ಲರಿಗೂ ಹಿಡಿಸಬೇಕೆಂಬ ಆಸೆಗೆ ಒಂದು ಬೆಲೆಯಿದೆ, ಆ ಬೆಲೆಯನ್ನು ಅನೇಕ ಸಲ ಕಲಾವಿದರು ತೆತ್ತರು. 1957ರ ಜನವರಿಯಲ್ಲಿ ಗಾಯಕ ಎಲ್ವಿಸ್ ಪ್ರೀಸ್ಲಿಯವರನ್ನು, ಅವರ ಸೊಂಟದ ಕುಣಿತ ಕಾಣದಂತೆ, ಸೊಂಟದಿಂದ ಮೇಲಕ್ಕೆ ಮಾತ್ರ ತೋರಿಸಿದರು. 1963ರ ಮೇ ತಿಂಗಳಲ್ಲಿ ಗಾಯಕ ಬಾಬ್ ಡಿಲನ್ ಅವರು ತಾವು ಆರಿಸಿದ ರಾಜಕೀಯ ವ್ಯಂಗ್ಯದ ಹಾಡಿಗೆ ವಾಹಿನಿಯವರು ಒಪ್ಪದಿದ್ದಾಗ, ಬೇರೆ ಹಾಡು ಹಾಡಲು ಮನಸ್ಸಿಲ್ಲದೆ ಕಾರ್ಯಕ್ರಮವನ್ನೇ ಬಿಟ್ಟು ಹೋದರು. ಆಗ ಅವರಿಗೆ ಇನ್ನೂ 22 ತುಂಬಿರಲಿಲ್ಲ. 1967ರಲ್ಲಿ ರೋಲಿಂಗ್ ಸ್ಟೋನ್ಸ್ ತಂಡ ಹಾಡಿನ ಸಾಲನ್ನು ಬದಲಿಸಿ ಹಾಡಬೇಕಾಯಿತು. ಅದೇ ವರ್ಷ ಡೋರ್ಸ್ ತಂಡಕ್ಕೂ ಹಾಗೆಯೇ ಹೇಳಿದಾಗ ಅವರು ಬದಲಿಸದೆ ಹಾಡಿದರು, ಮತ್ತೆಂದೂ ಅವರನ್ನು ಕರೆಯಲಿಲ್ಲ.

ಅದೇ ಸಲ್ಲಿವನ್ ಇನ್ನೊಂದು ವಿಷಯದಲ್ಲಿ ಬಗ್ಗಲಿಲ್ಲ ಎಂಬುದನ್ನೂ ಹೇಳದಿದ್ದರೆ ಅನ್ಯಾಯವಾಗುತ್ತದೆ. ಕಪ್ಪು ಜನರನ್ನು ಸಮಾನರಾಗಿ ಕಾಣಲು ಅಮೆರಿಕದ ಅನೇಕರು ಸಿದ್ಧರಿಲ್ಲದ ದಿನಗಳಲ್ಲಿ, ಪ್ರಾಯೋಜಕರ ಕಡೆಯಿಂದ ಅಸಮಾಧಾನ ಬಂದರೂ, ಅವರು ನ್ಯಾಟ್ ಕಿಂಗ್ ಕೋಲ್, ಪರ್ಲ್ ಬೇಲಿ, ಲೂಯಿ ಆರ್ಮ್‌ಸ್ಟ್ರಾಂಗ್ ಅವರಂಥ ಕಲಾವಿದರನ್ನು ಗೌರವದಿಂದ ಕರೆದು, ಎಲ್ಲರೆದುರು ಕೈಕುಲುಕಿ ಮಾತನಾಡಿಸಿದರು. 60ರ ದಶಕದಲ್ಲಿ ಕಪ್ಪು ಗಾಯಕಿಯರ ಸುಪ್ರೀಮ್ಸ್ ತಂಡ ಮತ್ತೆ ಮತ್ತೆ ಬಂದಿತು, 1969ರ ಡಿಸೆಂಬರಿನಲ್ಲಿ ಬಾಲಕ ಮೈಕೆಲ್ ಜಾಕ್ಸನ್ ಅಣ್ಣಂದಿರೊಡನೆ ಹಾಡಿದ. ನೀವು ಕಂಡ ಊರುಗೋಲಿನ ಹುಡುಗ ಇಟ್ಝಾಕ್ ಪರ್ಲ್‌ಮನ್ ಇರಬೇಕು. 1958ರಲ್ಲಿ 13ನೆಯ ವಯಸ್ಸಿಗೆ ಆ ರಂಗಕ್ಕೆ ಬಂದ ಆ ಪೋಲಿಯೋಪೀಡಿತ ಬಾಲಕ ಮುಂದೆ ಜಗತ್ತಿನ ಶ್ರೇಷ್ಠ ಪಿಟೀಲುವಾದಕರಲ್ಲಿ ಒಬ್ಬರಾದರು.

ಆದ್ದರಿಂದ ನಿಮ್ಮ ಅತಿಥಿಗಳು ಯಾರೆಂಬುದನ್ನು ಹೆಸರಿನಿಂದ ಮಾತ್ರ ತೀರ್ಮಾನಿಸಬೇಡಿ. ಬೆಂಗಳೂರಿನಿಂದ ಕಿರುತೆರೆಯ ನಟರನ್ನು ಕರೆಸುವ ದುಡ್ಡಿನಲ್ಲಿ, ನಿಮ್ಮ ಓಣಿಯ ಕೊಳಲುವಾದಕರನ್ನು, ಚೆನ್ನಾಗಿ ತತ್ವಪದ ಹಾಡುವ ಹಿರಿಯರನ್ನು, ಯಾವುದಾದರೂ ಶಾಲೆಯ ಮಗುವನ್ನು ಕರೆದು, ಸಾಲು ಬದಲಿಸಿರೆಂದು ಕಾಡದೆ, ಪೂರ್ಣ ವಾದ್ಯದೊಡನೆ ಹಾಡಿಸಿ.

ಪ್ರಶ್ನೆ ಕೇಳಿದವರಿಂದ: ಕ್ಯಾಸಿಯೋ ವಾದಕ, ಬಳ್ಳಾರಿ

ಸರ್, ಮಾಸ್ತರರೇ, ಅಕ್ಕನವರೇ, ಉಪನ್ಯಾಸಕರೇ, ನಿಮ್ಮ ಉತ್ತರಗಳನ್ನು ಕಾಗದಕ್ಕೆ ಇಳಿಸಿಕೊಂಡು ನಿನ್ನೆ ತಂಡದವರೊಡನೆ ಕುಳಿತೆ. ತಂಡ ಬಿಟ್ಟು ಹೋಗಿದ್ದ ಕೊಳಲುವಾದಕರು ಈ ಒಂದು ರಾತ್ರಿಗೆ ಬರಲು ಒಪ್ಪಿದ್ದಾರೆ. 18 ಹಾಡುಗಳಲ್ಲಿ 16ನ್ನು ವಾದ್ಯದ ಮೇಲೆಯೇ ನುಡಿಸುತ್ತೇವೆ. ಪಿಟೀಲುಗಳ ದೊಡ್ಡ ಗುಂಪು ಬೇಕಾದ ಎರಡಕ್ಕೆ ಮಾತ್ರ ಟ್ರ್ಯಾಕ್ ಬಳಸಿ, ಅದನ್ನು ಸಭೆಗೆ ಹೇಳಿಯೇ ಹಾಡುತ್ತೇವೆ. ಚೀಟಿಗಳನ್ನು ಬರೆಯಲು ಆರಂಭಿಸಿದ್ದೇನೆ. ಹಬ್ಬದ ದಿನ ಮಧ್ಯಾಹ್ನ ಮೂರು ಗಂಟೆಗೆ ಓಣಿಯ ಹೆಂಗಸರು ಮಕ್ಕಳ ಎದುರು ಪೂರ್ಣ ತಾಲೀಮು ಇಟ್ಟುಕೊಂಡಿದ್ದೇವೆ. ಅದನ್ನು ನೋಡಿ ಸರದಿ ಬದಲಿಸುವ ಅಧಿಕಾರವನ್ನು ನಮ್ಮ ಗಾಯಕಿಗೆ ಕೊಟ್ಟಿದ್ದೇವೆ, ಜನರ ಮುಖ ಓದುವುದರಲ್ಲಿ ಅವರೇ ನಮ್ಮೆಲ್ಲರಿಗಿಂತ ಮೇಲು.

ಮಾಸ್ತರರೇ, ನಿಮ್ಮಲ್ಲಿ ಒಂದು ಪ್ರಾರ್ಥನೆ. ಕೊನೆಯ ಭಾಗದಲ್ಲಿ ಎರಡು ರಂಗಗೀತೆಗಳನ್ನು ಇಡಬೇಕೆಂದಿದ್ದೇವೆ. ನೀವೇ ಬಂದು ಪೇಟಿ ನುಡಿಸುವುದಾದರೆ ನಮ್ಮ ಭಾಗ್ಯ. ಗಾಯಕಿಯ ಧ್ವನಿ ಬಿಳಿ ನಾಲ್ಕಕ್ಕೆ ಸರಾಗವಾಗಿ ಹೋಗುತ್ತದೆ, ಕರಿ ಮೂರಕ್ಕೆ ಸ್ವಲ್ಪ ಕಷ್ಟವಾಗುತ್ತದೆ.

ಉತ್ತರ: ಪೇಟಿ ಮಾಸ್ತರ, ಕೊಪ್ಪಳ

ಬಿಳಿ ನಾಲ್ಕರಲ್ಲೇ ಇಡಿರಿ. ಒನ್ಸ್ ಮೋರ್ ಬಂದರೆ ಅಷ್ಟು ಹೊತ್ತು ಹಾಡಿದ ಮೇಲೆಯೂ ಅವರ ಧ್ವನಿಗೆ ಮೇಲಿನ ಷಡ್ಜ ಎಟುಕಬೇಕು. ನಾನು ಬೆಳಗಿನ ಬಸ್ಸಿಗೆ ಹೊರಟು ತಾಲೀಮಿನ ಹೊತ್ತಿಗೆ ಬರುತ್ತೇನೆ. ಪೇಟಿಯನ್ನು ನಾನೇ ತರುತ್ತೇನೆ, ಕಾಲಿಡಲು ಗಟ್ಟಿಯಾದ ಹಲಗೆಯೊಂದನ್ನು ನೀವು ಹಾಕಿಸಿಡಿ.